ಹದಿನಾರು, ಹದಿನೆಂಟು, ಹತ್ತೊಂಬತ್ತು

“ಅಲ್ರೀ, ಇನ್ನೂ ಸಿ.ಡಿ. ತರಿಸ್ತೀರಾ? ಈಗೆಲ್ಲಾ ಫೋನಲ್ಲೇ ಬರುತ್ತಂತಲ್ಲ?”

ಪಕ್ಕದ ಮನೆ ರಾಯರು ಕಾಂಪೌಂಡಿನ ಆಚೆಯಿಂದ ಹೀಗೆ ಕೇಳಿದರೆ ಅವರಿಗೆ ಉತ್ತರ ಬೇಕೇಬೇಕು ಅಂತೇನಿಲ್ಲ. ಕೊರಿಯರ್ ಹುಡುಗ ನಮ್ಮ ಗೇಟು ತಟ್ಟಿದರೆ ಅವರ ನಾಯಿ ಬೊಗಳುತ್ತದೆ, ನಾಯಿ ಬೊಗಳಿದರೆ ರಾಯರು ಹೊರಗೆ ಬರುತ್ತಾರೆ, ಬಂದ ಮೇಲೆ ಸುಮ್ಮನೆ ನಿಲ್ಲುವುದು ಅವರ ಜಾಯಮಾನವಲ್ಲ. ಉತ್ತರ ಕೊಡದೆ ಒಳಗೆ ಹೋಗುವುದು ನನ್ನ ಜಾಯಮಾನವೂ ಅಲ್ಲ. ಅದರಲ್ಲೂ ಈ ವಿಷಯದಲ್ಲಿ.

“ಸಿ.ಡಿ. ಅಲ್ಲ ರಾಯರೇ, ಬ್ಲೂ-ರೇ.”

“ಎಲ್ಲಾ ಒಂದೇ ತಟ್ಟೆ ತಾನೇ?”

ಸುಳ್ಳಲ್ಲ. 1982ರಲ್ಲಿ ಬಂದ ಸಿ.ಡಿ., 1996ರ ಡಿವಿಡಿ, 2006ರ ಬ್ಲೂ-ರೇ, ಈಗಿನ 4ಕೆ, ಎಲ್ಲದರ ಅಗಲವೂ 12 ಸೆಂಟಿಮೀಟರೇ. ಒಳಗಿನ ಬರವಣಿಗೆ ಮಾತ್ರ ಸಣ್ಣದಾಗುತ್ತಾ ಬಂದಿದೆ. ಕೆಂಪು ಲೇಸರ್ ಓದುವ ಡಿವಿಡಿಯಲ್ಲಿ ಎರಡು ಪದರ ಸೇರಿ 8.5 ಗಿಗಾಬೈಟ್ ಹಿಡಿಸಿದರೆ, ನೀಲಿ-ನೇರಳೆ ಲೇಸರ್ ಓದುವ ಬ್ಲೂ-ರೇಯಲ್ಲಿ 50 ಹಿಡಿಸುತ್ತದೆ. ರಾಯರು ವಿದ್ಯುತ್ ಮಂಡಳಿಯಲ್ಲಿ ಲೆಕ್ಕಪತ್ರ ನೋಡಿ ನಿವೃತ್ತರಾದವರು. ಅಂಕಿಸಂಖ್ಯೆ ಹೇಳಿದರೆ ಮರುಮಾತಾಡದೆ ತಲೆಯಾಡಿಸುತ್ತಾರೆ. ಆದರೆ ಫೋನಿನ ಪ್ರಶ್ನೆ ಹಾಗೇ ಉಳಿದಿತ್ತು.

“ಫೋನಲ್ಲಿ ಬರುತ್ತೆ, ಸರಿ. ಯಾವಾಗ ಹೋಗುತ್ತೆ ಅಂತ ಯಾರಾದ್ರೂ ಹೇಳಿದ್ದಾರಾ?” ಎಂದೆ. ಹಳೆಯ ಚಿತ್ರಗಳಿಗೆ, ಪರದೇಶದ ಚಿತ್ರಗಳಿಗೆ ಅಂತಲೇ ಅಮೆರಿಕದಲ್ಲಿ ಫಿಲ್ಮ್‌ಸ್ಟ್ರಕ್ ಎಂಬ ಸೇವೆಯೊಂದಿತ್ತು. 2016ರಲ್ಲಿ ಶುರುವಾದದ್ದು 2018ರ ನವೆಂಬರಿಗೆ ಬಾಗಿಲು ಹಾಕಿತು. ಅದರ ಜಾಗಕ್ಕೆ 2019ರ ಏಪ್ರಿಲಿನಲ್ಲಿ ಬಂದ ಕ್ರೈಟೀರಿಯನ್ ಚಾನೆಲ್ ಅಮೆರಿಕ, ಕೆನಡಾ ದಾಟಿ ಈಚೆ ಬರಲೇ ಇಲ್ಲ. ಅಂಚೆಯಲ್ಲಿ ಡಿಸ್ಕ್ ಕಳಿಸುವುದರಿಂದಲೇ ದೊಡ್ಡದಾದ ನೆಟ್‌ಫ್ಲಿಕ್ಸ್ ಆ ವ್ಯಾಪಾರವನ್ನು 2023ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿಬಿಟ್ಟಿತು. ನಮ್ಮ ಕಪಾಟಿನಲ್ಲಿರುವುದನ್ನು ಯಾರೂ ರಾತ್ರೋರಾತ್ರಿ ಬಂದು ಎತ್ತಿಕೊಂಡು ಹೋಗುವುದಿಲ್ಲ.

“ಕಳ್ಳ ಬಂದ್ರೆ?” ಅಂದರು ರಾಯರು.

ಬಂದರೂ ಜಪಾನಿನ ಕಪ್ಪು-ಬಿಳುಪು ಚಿತ್ರ ಹೊತ್ತುಕೊಂಡು ಹೋಗುವಂಥ ಕಳ್ಳ ನಮ್ಮ ಬಡಾವಣೆಯಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದರೆ ಕೂರಿಸಿ ಕಾಫಿ ಕೊಡುತ್ತೇನೆ.

ಈ ಡಿಸ್ಕುಗಳನ್ನು ತರಿಸುವ ಕಷ್ಟ ಹೇಳುತ್ತೇನೆ ಕೇಳಿ. ದಾರಿ ಎರಡು. ಅಂಚೆಯಲ್ಲಿ ತರಿಸಿದರೆ ಕಸ್ಟಮ್ಸ್ ಸುಂಕ. ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ತರಿಸಿದರೆ ಹಂಗು. ಸುಂಕವನ್ನು ಒಮ್ಮೆ ಕಟ್ಟಿದರೆ ಮುಗಿಯಿತು, ಹಂಗು ಎರಡು ಮದುವೆ ಒಂದು ಗೃಹಪ್ರವೇಶ ಮಾಡಿಕೊಟ್ಟರೂ ತೀರುವುದಿಲ್ಲ. ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗನಿಗೆ ಪಾಪ, ವರ್ಷಕ್ಕೆ ಎರಡು ಸಲ ನನ್ನ ನೆನಪಾಗುತ್ತದೆ. ಜುಲೈನಲ್ಲಿ ಒಮ್ಮೆ, ನವೆಂಬರಿನಲ್ಲಿ ಒಮ್ಮೆ. ಬಾರ್ನ್ಸ್ ಅಂಡ್ ನೋಬಲ್ ಪುಸ್ತಕದಂಗಡಿಯವರು ಕ್ರೈಟೀರಿಯನ್ ಕಂಪನಿಯ ಡಿಸ್ಕುಗಳನ್ನು ಅರ್ಧ ಬೆಲೆಗೆ ಮಾರುವ ತಿಂಗಳುಗಳವು. 39.95 ಡಾಲರಿನ ಬ್ಲೂ-ರೇ ಇಪ್ಪತ್ತು ಡಾಲರಿನ ಒಳಗೆ ಸಿಗುತ್ತದೆ. “ಮಾಮ, ಈ ಸಲ ಎಷ್ಟು?” ಅಂತ ಕೇಳುತ್ತಾನೆ. ದನಿಯಲ್ಲಿ ಪ್ರೀತಿಯೂ ಇರುತ್ತದೆ, ವಿಮಾನದವರು ಬಿಡುವ 23 ಕೆ.ಜಿ. ಲಗೇಜಿನ ಚಿಂತೆಯೂ ಇರುತ್ತದೆ.

ಬಂದಮೇಲಾದರೂ ನೆಮ್ಮದಿಯೇ? ಸಿನಿಮಾ ಕಂಪನಿಗಳು ಭೂಮಂಡಲವನ್ನೇ ಪಾಲು ಮಾಡಿಕೊಂಡಿವೆ. ಡಿವಿಡಿಯ ಲೆಕ್ಕದಲ್ಲಿ ಅಮೆರಿಕ 1ನೇ ವಲಯ, ಯುರೋಪು ಮತ್ತು ಜಪಾನು 2, ನಾವು ರಷ್ಯಾ ಮತ್ತು ಆಫ್ರಿಕದ ಜೊತೆ 5. ಬ್ಲೂ-ರೇ ಬಂದಾಗ ಅಮೆರಿಕಕ್ಕೆ ಎ, ಯುರೋಪಿಗೆ ಬಿ, ನಮಗೆ ಸಿ ಕೊಟ್ಟರು. ನಮ್ಮೂರ ಅಂಗಡಿಯ ಪ್ಲೇಯರಿಗೆ ಅಮೆರಿಕದ ಡಿಸ್ಕ್ ಹಾಕಿದರೆ ‘ಇದು ನಿಮ್ಮ ವಲಯದ್ದಲ್ಲ’ ಅಂತ ತೆರೆಯ ಮೇಲೆ ಬರೆದು ಸುಮ್ಮನಾಗುತ್ತದೆ. ಡಿವಿಡಿ ಪ್ಲೇಯರುಗಳಾದರೆ ರಿಪೇರಿ ಅಂಗಡಿಯ ಹುಡುಗರು ರಿಮೋಟಿನಲ್ಲೇ ಏನೋ ನಂಬರು ಒತ್ತಿ ಬೀಗ ತೆಗೆದುಬಿಡುತ್ತಿದ್ದರು. ಬ್ಲೂ-ರೇಗೆ ಆ ಕೈಚಳಕ ಸುಲಭಕ್ಕೆ ನಡೆಯುವುದಿಲ್ಲ, ಎಲ್ಲ ವಲಯದ್ದನ್ನೂ ಓದುವ ಪ್ಲೇಯರನ್ನೇ ದುಬಾರಿ ಬೆಲೆ ಕೊಟ್ಟು ತರಬೇಕು. 4ಕೆ ಡಿಸ್ಕಿಗೆ ಮಾತ್ರ ಈ ವಲಯದ ಕಾಟವಿಲ್ಲ. ಬುದ್ಧಿ ತಡವಾಗಿಯಾದರೂ ಬಂತಲ್ಲ.

ಇಷ್ಟೆಲ್ಲ ಪಾಡು ಪಟ್ಟು ತರಿಸಿದ ಪೆಟ್ಟಿಗೆಯನ್ನು ರಾಯರ ಕೈಗೆ ಕೊಟ್ಟೆ. ಅವರು ಮೊದಲು ತೂಗಿ ನೋಡಿದರು. ಆಮೇಲೆ ತಿರುಗಿಸಿ ಬೆನ್ನು ನೋಡಿದರು. “ಇದೇನ್ರೀ, ಲೈಬ್ರರಿ ಪುಸ್ತಕದ ಥರ ನಂಬರು?”

ಅಲ್ಲೇ ಇರುವುದು ಮರ್ಮ. ಡಿಸ್ಕಿನ ಪೆಟ್ಟಿಗೆಯ ಬೆನ್ನಿಗೆ ಕ್ರಮಸಂಖ್ಯೆ ಹಾಕಬೇಕೆಂದು ಮೊದಲು ಯಾರಿಗೆ ಹೊಳೆಯಿತೋ, ಆತ ಮನುಷ್ಯನ ದೌರ್ಬಲ್ಯವನ್ನು ಚೆನ್ನಾಗಿ ಅರಿತವನಿರಬೇಕು. ಕ್ರೈಟೀರಿಯನ್ ಕಂಪನಿ 1984ರಲ್ಲಿ ಶುರುವಾದಾಗ ಡಿಸ್ಕುಗಳು ಗ್ರಾಮಫೋನ್ ಪ್ಲೇಟಿನಷ್ಟು, ಅಂದರೆ 30 ಸೆಂಟಿಮೀಟರ್ ಅಗಲದ ಲೇಸರ್ ಡಿಸ್ಕುಗಳು. ಮೊದಲು ತಂದದ್ದು ‘ಸಿಟಿಜನ್ ಕೇನ್’ ಮತ್ತು ‘ಕಿಂಗ್ ಕಾಂಗ್’. ‘ಕಿಂಗ್ ಕಾಂಗ್’ ಡಿಸ್ಕಿನಲ್ಲಿ ರೊನಾಲ್ಡ್ ಹೇವರ್ ಎಂಬ ಚಿತ್ರೇತಿಹಾಸಕಾರ ಚಿತ್ರ ಓಡುತ್ತಿರುವಾಗಲೇ ಪಕ್ಕದಲ್ಲಿ ಕೂತು ವಿವರಿಸುವ ಧ್ವನಿಯನ್ನು ಇನ್ನೊಂದು ಟ್ರ್ಯಾಕಿನಲ್ಲಿ ಸೇರಿಸಿದ್ದರು. ಇವತ್ತು ಎಲ್ಲರೂ ‘ಕಾಮೆಂಟರಿ’ ಅನ್ನುವುದಕ್ಕೆ ಅದೇ ಆರಂಭ. ಅಗಲ ಪರದೆಯ ಚಿತ್ರದ ಎಡಬಲ ಕತ್ತರಿಸದೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ತೋರಿಸುವುದನ್ನು ರೂಢಿಗೆ ತಂದವರಲ್ಲೂ ಇವರು ಮೊದಲಿಗರು. ರಾಯರಿಗೆ ಆ ಕಪ್ಪು ಪಟ್ಟಿ ಕಂಡರಾಗದು. “ದುಡ್ಡು ಕೊಟ್ಟು ದೊಡ್ಡ ಟಿ.ವಿ. ತಂದದ್ದು ಪಟ್ಟಿ ನೋಡೋಕಾ?” ಅನ್ನುತ್ತಾರೆ.

ಡಿವಿಡಿ ಕಾಲ ಬಂದಾಗ, 1998ರಲ್ಲಿ, ನಂಬರು ಮತ್ತೆ ಒಂದರಿಂದ ಶುರುವಾಯಿತು. ಒಂದನೇ ನಂಬರು ಜಾನ್ ರೆನ್ವಾರ ‘ಗ್ರಾಂಡ್ ಇಲ್ಯೂಷನ್’ಗೆ ಮೀಸಲು. ತಮಾಷೆಯೆಂದರೆ ಅದು ಮೊದಲು ಬರಲೇ ಇಲ್ಲ. 1937ರ ಆ ಚಿತ್ರದ ಮೂಲ ನೆಗೆಟಿವ್ ಯುದ್ಧಕಾಲದಲ್ಲಿ ಪ್ಯಾರಿಸಿನಿಂದ ಜರ್ಮನರ ಕೈಸೇರಿ, ಅಲ್ಲಿಂದ ಸೋವಿಯತ್ ಸೇನೆಯ ಜೊತೆ ಮಾಸ್ಕೋಗೆ ಹೋಗಿ, ಎಷ್ಟೋ ವರ್ಷದ ಮೇಲೆ ಫ್ರಾನ್ಸಿನ ತುಲೂಸಿನ ಭಂಡಾರಕ್ಕೆ ವಾಪಸು ಬಂದು, ಇದು ಅದೇ ಅಂತ ಯಾರಿಗೂ ತಿಳಿಯದೆ ಅಲ್ಲೇ ಬಿದ್ದಿತ್ತು. ಅದು ಪತ್ತೆಯಾದ ಮೇಲೆ ಹಳೆಯ ಸವಕಲು ಪ್ರತಿಯಿಂದ ಡಿಸ್ಕ್ ಮಾಡುವ ಮನಸ್ಸು ಯಾರಿಗೆ ಬಂದೀತು? 1999ರ ತನಕ ಕಾದರು. ಎರಡು, ಮೂರು, ನಾಲ್ಕು ಎಲ್ಲ ಬಂದ ಮೇಲೆ ಒಂದು ಬಂತು.

ಎರಡನೇ ನಂಬರು ಕುರೊಸಾವನ ‘ಸೆವೆನ್ ಸಮುರಾಯ್’. 207 ನಿಮಿಷದ ಚಿತ್ರ. 1998ರಲ್ಲಿ ಡಿವಿಡಿಯಾಗಿ ಬಂತು. 2006ರಲ್ಲಿ ಇನ್ನಷ್ಟು ಚೊಕ್ಕ ಮಾಡಿ ಮೂರು ಡಿಸ್ಕಿನಲ್ಲಿ ಬಂತು. 2010ರಲ್ಲಿ ಬ್ಲೂ-ರೇ, 2024ರಲ್ಲಿ 4ಕೆ. ಏಳು ಜನ ಹಳ್ಳಿ ಕಾದ ಆ ಕಥೆಯನ್ನು ನಾಲ್ಕು ಸಲ ದುಡ್ಡು ಕೊಟ್ಟು ಕೊಂಡವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ನಾನು ಆ ಪೈಕಿಯೋ ಅಲ್ಲವೋ ಎಂಬುದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳುವ ಹಾಗಿಲ್ಲ.

ಇನ್ನು ನನ್ನ ಸಂಕಟ. 14, 15, 16 ಹಿರೋಶಿ ಇನಾಗಾಕಿಯ ಸಮುರಾಯ್ ಚಿತ್ರಗಳು, ಮೂರೂ ಇವೆ. 18 ಮತ್ತು 19 ಸ್ಯಾಮ್ಯುಯೆಲ್ ಫುಲ್ಲರನವು, ಎರಡೂ ಇವೆ. ಅವುಗಳ ಈಗಿನ ಕವರುಗಳನ್ನು ಬರೆದವರು ಕಾಮಿಕ್ಸ್ ಕಲಾವಿದ ಡೇನಿಯಲ್ ಕ್ಲೋಸ್. ಮಧ್ಯೆ ಒಂದು ಬೆರಳಿನಷ್ಟು ಸಂದು. ರಾಯರು ಒಮ್ಮೆ ನಮ್ಮ ಹಾಲಿಗೆ ಬಂದವರು ಅದನ್ನು ಕಂಡೇಬಿಟ್ಟರು. ಲೆಕ್ಕಪತ್ರದವರಲ್ಲವೇ.

“ಹದಿನೇಳು ಎಲ್ರೀ?”

ಹದಿನೇಳು ಎಂದರೆ ಪಸೋಲಿನಿಯ ‘ಸಲೋ’, 1975ರ ಚಿತ್ರ. ಫ್ಯಾಸಿಸಂ ಮನುಷ್ಯರ ದೇಹದ ಮೇಲೆ ಏನೇನು ಮಾಡುತ್ತದೆಂಬುದನ್ನು ಕಣ್ಣು ಮುಚ್ಚಿಕೊಳ್ಳಬೇಕಾದಷ್ಟು ನೇರವಾಗಿ ತೋರಿಸುವ ಚಿತ್ರ. ಹೆಂಡತಿ ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ, ಒಬ್ಬನೇ ಕೂತೂ ಎರಡನೇ ಸಲ ನೋಡುವುದು ಕಷ್ಟ. 1998ರಲ್ಲಿ ಬಂದ ಅದರ ಡಿವಿಡಿ ಬೇಗನೇ ಅಚ್ಚಿನಿಂದ ಮರೆಯಾಗಿ, ಸೆಕೆಂಡ್ ಹ್ಯಾಂಡ್ ಪ್ರತಿಗೆ ನೂರಾರು ಡಾಲರ್ ಕೊಡುವವರು ಹುಟ್ಟಿಕೊಂಡರು. 2008ರಲ್ಲಿ ಮತ್ತೆ ಬಂತೆನ್ನಿ. ಆ ನೂರಾರು ಡಾಲರ್ ಕೊಟ್ಟವರೆಲ್ಲ ಪಸೋಲಿನಿಯ ಮೇಲಿನ ಭಕ್ತಿಯಿಂದ ಕೊಟ್ಟರೆಂದು ನಾನು ನಂಬುವುದಿಲ್ಲ. ಬಹಳ ಜನರಿಗೆ 16 ಮತ್ತು 18ರ ನಡುವಿನ ಸಂದು ನಿದ್ದೆ ಕೆಡಿಸಿರಬೇಕು.

ಇದೆಲ್ಲ ಬಿಡಿಸಿ ಹೇಳಿದ ಮೇಲೆ ರಾಯರು ಸ್ವಲ್ಪ ಯೋಚಿಸಿ ಅಂದರು: “ಒಂದು ಕೆಲ್ಸ ಮಾಡಿ. ಡಬ್ಬಿ ಒಂದೇ ತರಿಸಿ ಇಟ್ಕೊಳಿ. ಒಳಗಿಂದು ಬೇಡ.”

ನಗಬೇಡಿ. ಡಬ್ಬಿಯನ್ನಷ್ಟೇ ಕೊಳ್ಳುವವರು ನಿಜವಾಗಿ ಇದ್ದಾರೆ. ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲೆ ತೊಡಿಸುವ ರಟ್ಟಿನ ಹೊದಿಕೆಯನ್ನು ಎಷ್ಟೋ ಕಂಪನಿಗಳು ಮೊದಲ ಮುದ್ರಣಕ್ಕೆ ಮಾತ್ರ ಕೊಡುತ್ತವೆ. ತಪ್ಪಿಸಿಕೊಂಡವರು ಆಮೇಲೆ ಆ ರಟ್ಟನ್ನೊಂದೇ, ಒಳಗೆ ಏನೂ ಇಲ್ಲದೆ, ಬೇರೆಯವರಿಂದ ಬೆಲೆ ಕೊಟ್ಟು ಕೊಳ್ಳುತ್ತಾರೆ. ಜಪಾನಿನ ಡಿಸ್ಕುಗಳ ಬೆನ್ನಿಗೆ ‘ಓಬಿ’ ಎಂಬ ಒಂದು ಕಾಗದದ ಪಟ್ಟಿ ಸುತ್ತಿರುತ್ತದೆ. ಅಂಗಡಿಯಲ್ಲಿ ಬೆಲೆ, ಹೆಸರು ತಿಳಿಯಲಿ ಎಂದು ಸುತ್ತಿದ್ದು. ಅದು ಹರಿದಿದ್ದರೆ ಹಳೇ ಡಿಸ್ಕಿನ ಬೆಲೆ ಇಳಿಯುತ್ತದೆ. ತಗಡಿನ ಪೆಟ್ಟಿಗೆ ಇನ್ನೊಂದು ಹುಚ್ಚು. ನನಗೆ ಅದು ಹಿಡಿಸುವುದಿಲ್ಲ. ದಾರಿಯಲ್ಲಿ ಒಂದು ಏಟು ಬಿದ್ದರೆ ಮೂಲೆ ಒಳಗೆ ಹೋಗುತ್ತದೆ, ಆಮೇಲೆ ಅದನ್ನು ನೋಡಿದಾಗಲೆಲ್ಲ ಸಿನಿಮಾಕ್ಕಿಂತ ಆ ಮೂಲೆಯೇ ಕಣ್ಣಿಗೆ ಬೀಳುತ್ತದೆ.

ಹಾಗಾದರೆ ಒಳ್ಳೆಯ ಕವರ್ ಯಾವುದು? ನಾಯಕ ನಾಯಕಿಯರ ಮುಖ ದೊಡ್ಡದಾಗಿ ಹಾಕಿ, ಸುತ್ತ ಪ್ರಶಸ್ತಿಗಳ ಎಲೆ-ಬಳ್ಳಿ ಹೆಣೆದು, ಪತ್ರಿಕೆಗಳು ಕೊಟ್ಟ ನಕ್ಷತ್ರಗಳನ್ನು ಸಾಲಾಗಿ ಜೋಡಿಸಿದ್ದಾರೋ, ಅವರಿಗೆ ಚಿತ್ರದ ಮೇಲೆ ನಂಬಿಕೆಯಿಲ್ಲವೆಂದೇ ಲೆಕ್ಕ. ಒಳ್ಳೆಯ ಕವರ್ ಚಿತ್ರ ನೋಡುವ ಮೊದಲು ಒಂದು ಅರ್ಥ ಕೊಡಬೇಕು, ನೋಡಿದ ಮೇಲೆ ಇನ್ನೊಂದು. ಡೇವಿಡ್ ಕ್ರೋನೆನ್‌ಬರ್ಗನ ‘ವಿಡಿಯೋಡ್ರೋಮ್’ ಟೇಪು ಮನುಷ್ಯನ ದೇಹವನ್ನೇ ಹೊಗುವ ಕಥೆ. 2004ರಲ್ಲಿ ಬಂದ ಅದರ ಡಿವಿಡಿಯನ್ನು ಒಂದು ವಿಡಿಯೊ ಕ್ಯಾಸೆಟ್ಟಿನ ವೇಷದಲ್ಲೇ ತಂದರು. ಓಜುವಿನ ‘ದಿ ಓನ್ಲಿ ಸನ್’ ಚಿತ್ರಕ್ಕೆ ಬರೆದವರು ಏಡ್ರಿಯನ್ ಟೊಮಿನೆ, ಅವರೂ ಕಾಮಿಕ್ಸಿನವರೇ. ಮಾತು ಕಡಿಮೆ, ಮನೆಯ ಮೂಲೆಗಳೇ ಹೆಚ್ಚು ಮಾತಾಡುವ ಚಿತ್ರಕ್ಕೆ ಹದವಾದ ಗೆರೆ ಅವರದು. ಇಂಗ್ಲೆಂಡಿನ ಆ್ಯರೋದವರು ಕವರಿನ ಹಾಳೆಯನ್ನು ಎರಡೂ ಮಗ್ಗುಲು ಮುದ್ರಿಸುತ್ತಾರೆ, ಒಂದು ಕಡೆ ಹೊಸ ಕಲಾವಿದರ ಚಿತ್ರ, ಇನ್ನೊಂದು ಕಡೆ ಹಳೆಯ ಪೋಸ್ಟರ್. ಮಗುಚಿ ಹಾಕಿಕೊಳ್ಳುವುದು ಕೊಂಡವರ ಇಷ್ಟ. ಇಟಲಿಯ ಬೊಲೊನ್ಯಾದಲ್ಲಿ ಪ್ರತಿವರ್ಷ ನಡೆಯುವ ಹಳೆಯ ಚಿತ್ರಗಳ ಉತ್ಸವದಲ್ಲಿ ಒಳ್ಳೆಯ ಡಿಸ್ಕುಗಳಿಗೇ ಪ್ರಶಸ್ತಿ ಕೊಡುತ್ತಾರೆ ಎಂದರೆ, ಇದು ಬರೀ ನಮ್ಮಂಥವರ ತಲೆಹರಟೆಯಲ್ಲ ಎಂದು ರಾಯರು ಒಪ್ಪಬೇಕು.

ಪೆಟ್ಟಿಗೆಗಳಲ್ಲಿ ಅತಿರೇಕವೂ ಇದೆ. ಕ್ರೈಟೀರಿಯನ್ನಿನವರು 1000ನೇ ನಂಬರಿಗೆ, 2019ರಲ್ಲಿ, ಜಪಾನಿನ ಗಾಡ್ಜಿಲ್ಲ ಚಿತ್ರಗಳು ಹದಿನೈದನ್ನು ಒಟ್ಟಿಗೆ ಕಟ್ಟಿ ದೊಡ್ಡ ಪುಸ್ತಕದ ಆಕಾರದಲ್ಲಿ ತಂದರು. ಆ ಪ್ರಾಣಿಯ ಗಾತ್ರಕ್ಕೆ ಒಪ್ಪುತ್ತದೆ, ಸರಿ. ಆದರೆ ಕಪಾಟಿಗೆ ಒಪ್ಪಬೇಕಲ್ಲ? ನೆಟ್ಟಗೆ ನಿಲ್ಲುವುದಿಲ್ಲ, ಮಲಗಿಸಿದರೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಅದಕ್ಕೆ ಹೋಲಿಸಿದರೆ ಒಂದು ವರ್ಷ ಮೊದಲು, ಬರ್ಗ್‌ಮನ್ ಹುಟ್ಟಿದ ನೂರನೇ ವರ್ಷಕ್ಕೆ ತಂದ ಪೆಟ್ಟಿಗೆ ನನ್ನ ಮಟ್ಟಿಗೆ ಈ ಕಸುಬಿನ ಶಿಖರ. 39 ಚಿತ್ರಗಳು, 30 ಡಿಸ್ಕುಗಳು, 248 ಪುಟದ ಪುಸ್ತಕ. ತೂಕದ ಮಾತು ಬಿಡಿ. ಅವರು ಚಿತ್ರಗಳನ್ನು ಇಸವಿಯ ಪ್ರಕಾರ ಜೋಡಿಸಲಿಲ್ಲ, ಒಂದು ಚಿತ್ರೋತ್ಸವದ ಪ್ರಕಾರ ಜೋಡಿಸಿದರು. ಉದ್ಘಾಟನೆಯ ರಾತ್ರಿಗೆ ‘ಸ್ಮೈಲ್ಸ್ ಆಫ್ ಎ ಸಮ್ಮರ್ ನೈಟ್’, ಸಮಾರೋಪಕ್ಕೆ ‘ಫ್ಯಾನಿ ಅಂಡ್ ಅಲೆಕ್ಸಾಂಡರ್’, ನಡುವೆ ಒಂದರ ಪಕ್ಕ ಒಂದು ಇಟ್ಟು ನೋಡಬೇಕಾದ ಜೋಡಿಗಳು. ಬರ್ಗ್‌ಮನ್ ಎಂದರೆ ಸಾವು, ದೇವರು, ಮೌನ ಅಂದುಕೊಂಡು ಹೆದರುವವರನ್ನು ಮೊದಲ ರಾತ್ರಿ ನಗಿಸಿಯೇ ಒಳಗೆ ಕರೆದುಕೊಳ್ಳುತ್ತಾರೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುವವರಿಗೆ ಇದು ಗೊತ್ತು. ಯಾವ ಮೆಟ್ಟಿಲಿಗೆ ಯಾವುದು, ಪಟ್ಟದ ಗೊಂಬೆಯ ಪಕ್ಕ ಯಾರು ಎಂಬುದರಲ್ಲೇ ಆ ಮನೆಯ ಹೆಂಗಸಿನ ಜಾಣತನ ಕಾಣುವುದು.

“ಅಂದ್ರೆ ನೀವು ಕೊಡೋ ದುಡ್ಡು ಡಬ್ಬಿಗೆ ಅನ್ನಿ,” ಅಂದರು ರಾಯರು, ಪ್ಯಾಕೆಟ್ಟನ್ನು ಕಾಂಪೌಂಡಿನ ಮೇಲಿಟ್ಟು.

ಅವರ ಕೈಯಲ್ಲಿದ್ದದ್ದು ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯ, ‘ಪಥೇರ್ ಪಾಂಚಾಲಿ’, ‘ಅಪರಾಜಿತೋ’, ‘ಅಪುರ್ ಸಂಸಾರ್’. ಅದರ ಡಬ್ಬಿಗೆ ಎಷ್ಟು, ಒಳಗಿನದಕ್ಕೆ ಎಷ್ಟು ಎಂದು ಬಿಡಿಸಿ ಹೇಳಲೇಬೇಕಾಯಿತು. 1992ರಲ್ಲಿ ರಾಯ್‌ಗೆ ಗೌರವ ಆಸ್ಕರ್ ಕೊಡುವಾಗ ಸಮಾರಂಭದಲ್ಲಿ ತೋರಿಸಲು ಚಿತ್ರಗಳ ಒಳ್ಳೆಯ ಪ್ರತಿ ಸಿಗದೆ ಅಕಾಡೆಮಿಯವರು ಪರದಾಡಿದರು. ಮುಂದಿನ ಪೀಳಿಗೆಗಾದರೂ ಉಳಿಸೋಣವೆಂದು ಮೂಲ ನೆಗೆಟಿವ್‌ಗಳನ್ನು ಭಾರತದಿಂದ ಲಂಡನ್ನಿನ ಹೆಂಡರ್ಸನ್ ಲ್ಯಾಬಿಗೆ ಕಳಿಸಿದ್ದಾಯಿತು. 1993ರ ಜುಲೈನಲ್ಲಿ ಆ ಲ್ಯಾಬಿಗೇ ಬೆಂಕಿ ಬಿತ್ತು. ಉಳಿಸಲು ಕಳಿಸಿದ್ದು ಸುಟ್ಟುಹೋಯಿತು. ಯಾವ ಲ್ಯಾಬೂ ಮುಟ್ಟಲಾಗದ ಆ ಸುಟ್ಟ, ಮುರುಟಿದ ರೀಲುಗಳನ್ನು ಯಾರೋ ಪುಣ್ಯಾತ್ಮರು ಬಿಸಾಡದೆ ಅಮೆರಿಕದ ಅಕಾಡೆಮಿಯ ಭಂಡಾರಕ್ಕೆ ಕಳಿಸಿದರು. ಇಪ್ಪತ್ತು ವರ್ಷ ಅವು ಅಲ್ಲೇ ಇದ್ದವು.

ಆಮೇಲೆ ಕ್ರೈಟೀರಿಯನ್ನಿನವರು ಅವನ್ನು ತೆಗೆಸಿ ಬೊಲೊನ್ಯಾದ ‘ಲಿಮಾಜಿನೆ ರಿತ್ರೊವಾತಾ’ ಲ್ಯಾಬಿಗೆ ಒಪ್ಪಿಸಿದರು. ಒಣಗಿ ಗರಿಗರಿಯಾದ ಫಿಲಮ್ಮಿಗೆ ದ್ರಾವಣದಲ್ಲಿ ತೇವ ಕೊಟ್ಟು ಮೆತ್ತಗೆ ಮಾಡಿದರು. ಕರಗಿಹೋದ ಅಂಚಿನ ತೂತುಗಳನ್ನು ಕೈಯಲ್ಲೇ ಹೊಸದಾಗಿ ಕಟ್ಟಿದರು. ಹೊಗೆ, ಮಸಿ, ಕರಗಿದ ಅಂಟು ಎಲ್ಲವನ್ನೂ ಒರೆಸಿದರು. ಬರೀ ಕೈಕೆಲಸವೇ ಸಾವಿರ ಗಂಟೆಯ ಹತ್ತಿರ. ಕೊನೆಗೆ ‘ಪಥೇರ್ ಪಾಂಚಾಲಿ’ಯಲ್ಲಿ ನೂರಕ್ಕೆ ನಲವತ್ತರಷ್ಟು, ‘ಅಪರಾಜಿತೋ’ದಲ್ಲಿ ಅರವತ್ತಕ್ಕೂ ಹೆಚ್ಚು ಭಾಗ ಮೂಲ ನೆಗೆಟಿವ್‌ನಿಂದಲೇ ಸಿಕ್ಕಿತು. ‘ಅಪುರ್ ಸಂಸಾರ್’ ಮಾತ್ರ ಕೈಗೆ ಬರಲಿಲ್ಲ, ಅದಕ್ಕೆ ಬೇರೆ ಕಡೆಯ ಪ್ರತಿಗಳನ್ನು ಹುಡುಕಿ ತಂದರು. 2015ರಲ್ಲಿ ಈ ಪೆಟ್ಟಿಗೆ ಬಂತು. ಆ ಕೆಲಸ ಹೇಗೆ ನಡೆಯಿತೆಂಬುದರ ಮೇಲೆ ಕೊಗೊನಾಡ ಎಂಬ ನಿರ್ದೇಶಕರು ಮಾಡಿದ ಕಿರುಚಿತ್ರವೂ ಇದರೊಳಗೇ ಇದೆ. ದುರ್ಗೆ ಮತ್ತು ಅಪು ಕಾಶಹುಲ್ಲಿನ ನಡುವೆ ರೈಲು ನೋಡಲು ಓಡುವುದನ್ನು ನಾವು ದೂರದರ್ಶನದಲ್ಲಿ ಬೂದುಬೂದಾಗಿ ಕಂಡವರು. ಇದರಲ್ಲಿ ಹುಲ್ಲಿನ ಬಿಳಿಯ ತೆನೆಗಳನ್ನು ಒಂದೊಂದಾಗಿ ನೋಡಬಹುದು.

ರಾಯರು ಪ್ಯಾಕೆಟ್ಟನ್ನು ಮತ್ತೆ ಕೈಗೆತ್ತಿಕೊಂಡರು. ಈ ಸಲ ಎರಡೂ ಕೈಯಲ್ಲಿ.

“ನಮ್ಮ ಸಿನಿಮಾಗಳಿಗೂ ಇಂಥದ್ದು ಇರಬೇಕಲ್ರೀ,” ಅಂದರು.

ಇರಬೇಕು. ನಮ್ಮಲ್ಲಿ ಬಂದದ್ದು ವಿಸಿಡಿ. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರತೊಡಗಿದಾಗ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕಡಲೆಕಾಯಿ ಪೊಟ್ಟಣದ ಪಕ್ಕದಲ್ಲೇ ಸಿನಿಮಾ ಸಿಗುವಂತಾಯಿತು. ಬೆಲೆ ಇಳಿದದ್ದು ಒಳ್ಳೆಯದೇ. ಆದರೆ ಒಂದು ವಿಸಿಡಿಯಲ್ಲಿ ಎಂಬತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಹೀಗಾಗಿ ಒಂದು ಚಿತ್ರಕ್ಕೆ ಎರಡು ತಟ್ಟೆ, ನಾಯಕಿ ಅಳುತ್ತಿರುವಾಗ ಎದ್ದು ಹೋಗಿ ತಟ್ಟೆ ಬದಲಾಯಿಸಬೇಕು. ಕವರ್ ಮೇಲೆ ನಾಯಕನ ಯಾವುದೋ ಬೇರೆ ಚಿತ್ರದ ಫೋಟೋ. ಹಿಂಬದಿಯಲ್ಲಿ ಹಾಡುಗಳ ಪಟ್ಟಿ ಇರುತ್ತಿತ್ತು, ಛಾಯಾಗ್ರಾಹಕನ ಹೆಸರು ಹುಡುಕಿದರೂ ಸಿಗುತ್ತಿರಲಿಲ್ಲ. ಕುರೊಸಾವ, ಬರ್ಗ್‌ಮನ್ ಬೇಕೆಂದವರು ಬೆಂಗಳೂರಿನ ಗಲ್ಲಿಗಳಲ್ಲಿ ಕಳ್ಳಪ್ರತಿ ಹುಡುಕುತ್ತಿದ್ದರು. ತೆಳ್ಳನೆಯ ಪ್ಲಾಸ್ಟಿಕ್ ಕೊಟ್ಟೆಯಲ್ಲಿ, ಕವರಿನ ಮಬ್ಬು ಜೆರಾಕ್ಸು ಸಮೇತ. ಬೆನ್ನಿನ ನಂಬರನ್ನೂ ಬಿಡದೆ ಜೆರಾಕ್ಸ್ ಮಾಡಿರುತ್ತಿದ್ದರು, ಆ ಮಟ್ಟಿಗೆ ಕಳ್ಳರೂ ನಿಷ್ಠಾವಂತರೇ.

ಹೊದಿಕೆಯ ಹಂಗಿಲ್ಲದೆಯೂ ಒಳ್ಳೆಯ ಚಿತ್ರ ಜನರನ್ನು ಮುಟ್ಟುತ್ತದೆಂಬುದಕ್ಕೆ ನಮ್ಮ ಹೆಗ್ಗೋಡೇ ಸಾಕ್ಷಿ. ಎಪ್ಪತ್ತರ ದಶಕದಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಮ್ ಚಿತ್ರಸಮಾಜ ಕಟ್ಟಿದರು. ಪುಣೆಯ ಫಿಲಂ ಆರ್ಕೈವಿನಿಂದ ಪಿ.ಕೆ. ನಾಯರ್ ಕಳಿಸಿದ ರೀಲಿನ ಡಬ್ಬಗಳಲ್ಲಿ ‘ಬೈಸಿಕಲ್ ಥೀವ್ಸ್’, ‘ರಾಶೊಮಾನ್’, ‘ಪಥೇರ್ ಪಾಂಚಾಲಿ’ ಬಂದವು, ಅಡಿಕೆ ತೋಟದವರು ಕೂತು ನೋಡಿದರು. ಆ ನಾಯರ್ ಮೇಲೆ ಶಿವೇಂದ್ರ ಸಿಂಗ್ ಡುಂಗರ್‌ಪುರ್ 2012ರಲ್ಲಿ ಮಾಡಿದ ‘ಸೆಲ್ಯುಲಾಯ್ಡ್ ಮ್ಯಾನ್’ ಚಿತ್ರದಲ್ಲಿ ಹೆಗ್ಗೋಡಿನವರು ಆ ಚಿತ್ರಗಳನ್ನು ನೆನೆಸಿಕೊಂಡು ಮಾತಾಡುತ್ತಾರೆ. ಇಂಗ್ಲೆಂಡಿನ ಸೆಕೆಂಡ್ ರನ್ ಎಂಬ ಪುಟ್ಟ ಕಂಪನಿ ಅದನ್ನು ಡಿಸ್ಕ್ ಮಾಡಿ ತಂದಿತು. ಸಾಗರದ ಪಕ್ಕದ ಊರಿನವರ ಮಾತನ್ನು ನಾನು ಲಂಡನ್ನಿನಿಂದ ತರಿಸಿ ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ. ಅದರ ಸುಂಕವನ್ನು ಮಾತ್ರ ಗೊಣಗದೆ ಕಟ್ಟಿದೆ.

ಅಷ್ಟರಲ್ಲಿ ರಾಯರು ಒಳಗೆ ಹೋಗಿ ಏನೋ ತಂದರು. ಹಳದಿ ತಿರುಗಿದ, ಪಿನ್ನು ತುಕ್ಕು ಹಿಡಿದ ತೆಳ್ಳನೆ ಪುಸ್ತಕ. ‘ಬಂಗಾರದ ಮನುಷ್ಯ’ದ ಹಾಡಿನ ಪುಸ್ತಕ! 1972ರ ಚಿತ್ರ, ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ್ದು. ಟಾಕೀಸಿನ ಬಾಗಿಲಲ್ಲಿ ಪುಡಿಕಾಸಿಗೆ ಮಾರುತ್ತಿದ್ದ ಇಂಥ ಪುಸ್ತಕಗಳಲ್ಲಿ ಮೇಲೊಂದು ಚಿತ್ರ, ಒಳಗೆ ಪಾತ್ರವರ್ಗ, ತಂತ್ರಜ್ಞರ ಹೆಸರು, ಹಾಡುಗಳ ಸಾಹಿತ್ಯ, ಅರ್ಧದಲ್ಲೇ ನಿಲ್ಲಿಸಿದ ಕಥಾಸಾರ ಇರುತ್ತಿದ್ದವು. ಮುಂದಿನದನ್ನು ಬೆಳ್ಳಿತೆರೆಯ ಮೇಲೇ ನೋಡಬೇಕು. ಅಮೆರಿಕದವರು ಡಿಸ್ಕಿನ ಜೊತೆ ಪುಸ್ತಕ ಇಡುವುದಕ್ಕೆ ಎಷ್ಟೋ ಮೊದಲೇ ನಮ್ಮವರು ಟಿಕೆಟ್ಟಿನ ಜೊತೆ ಪುಸ್ತಕ ಕೊಟ್ಟಿದ್ದರು. ರಾಯರು ಅದನ್ನು ಐವತ್ತು ವರ್ಷ ಟ್ರಂಕಿನಲ್ಲಿಟ್ಟು ಕಾಪಾಡಿದ್ದಾರೆ. ನನ್ನ ಡಬ್ಬಿ ನೋಡಿ ನಗುವವರು!

ಆಮೇಲೆ ಕಾಂಪೌಂಡಿಗೆ ಆತುಕೊಂಡು ನಾವಿಬ್ಬರೂ ಕನ್ನಡದ ಪೆಟ್ಟಿಗೆಯೊಂದನ್ನು ಬಾಯಲ್ಲೇ ಕಟ್ಟಿದೆವು. ‘ಸಂಸ್ಕಾರ’ (1970) ಮೊದಲನೆಯದು. ಸೆನ್ಸಾರಿನವರು ಮೊದಲು ತಡೆದ, ಆಮೇಲೆ ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್, ಕಲಾನಿರ್ದೇಶಕರು ಚಿತ್ರಕಾರ ಎಸ್.ಜಿ. ವಾಸುದೇವ್. ಕವರ್ ಮೇಲೆ ನಾರಣಪ್ಪನ ಹೆಣವೂ ಬೇಡ, ಚಂದ್ರಿಯೂ ಬೇಡ. ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವ ಹಾಗಿಲ್ಲವಲ್ಲ, ಆದ್ದರಿಂದ ಒಂದು ಖಾಲಿ ಬಾಳೆಲೆ. ಬಿ.ವಿ. ಕಾರಂತರ ‘ಚೋಮನ ದುಡಿ’ಗೆ (1975) ದುಡಿ ಹಾಕಬಾರದು, ಎಲ್ಲರೂ ಹಾಕುವುದು ಅದನ್ನೇ. ಉಳಲು ನೆಲವಿಲ್ಲದ ಅವನ ಜೋಡಿ ಎತ್ತು ಇರಲಿ. ಪ್ರೇಮಾ ಕಾರಂತರ ‘ಫಣಿಯಮ್ಮ’ (1983) ಬಿಡುವ ಹಾಗಿಲ್ಲ. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರವನ್ನು ನನ್ನ ಕಪಾಟಿನಲ್ಲಿ ‘ಸೆವೆನ್ ಸಮುರಾಯ್’ ಪಕ್ಕಕ್ಕೇ ಇಡಬೇಕು, ಶಂಕರ್‌ನಾಗ್ ಅಲ್ಲಿ ಪರಕೀಯರಾಗುವುದಿಲ್ಲ.

ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’ಗೆ (1986) ಬಂದಾಗ ರಾಯರು ನನ್ನನ್ನು ಮಾತಾಡಲು ಬಿಡಲಿಲ್ಲ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನ ಚಿತ್ರಕ್ಕೆ ಡಬ್ಬಿಯೇ ಬೇಡವಂತೆ. ಬಣ್ಣಗೆಟ್ಟ ಸರ್ಕಾರಿ ಫೈಲು ಇರಬೇಕು, ಮೂಲೆಯಲ್ಲಿ ತೂತು, ತೂತಿಗೆ ಟ್ಯಾಗು. ಒಳಗಿನ ಲೇಖನಗಳೆಲ್ಲ ನೋಟ್ ಶೀಟಿನ ಹಸಿರು ಹಾಳೆಯಲ್ಲಿ, ಪ್ರತಿ ಪುಟದ ಕೊನೆಗೆ ಒಬ್ಬೊಬ್ಬರ ಸಹಿ. “ಡಿಸ್ಕು ಸುಲಭಕ್ಕೆ ಕೈಗೆ ಸಿಗ್ಬಾರ್ದು ಕಣ್ರೀ. ಐದಾರು ಹಾಳೆ ಮಗುಚಬೇಕು. ಕೊನೇಲಿ ಎಲ್ಲೋ ಇರ್ಬೇಕು.” ನ್ಯೂಯಾರ್ಕಿನ ಯಾವ ಡಿಸೈನರಿಗೂ ಇದು ಹೊಳೆಯುತ್ತಿರಲಿಲ್ಲ. ಅದಕ್ಕೆ ಮೂವತ್ತು ವರ್ಷ ಸರ್ಕಾರಿ ಮೇಜಿನ ಹಿಂದೆ ಕೂತಿರಬೇಕು.

ಇದೆಲ್ಲ ಬಾಯಿಚಪಲ ಅನ್ನಬೇಡಿ. ಇದೇ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಫಿಲಂ ಹೆರಿಟೇಜ್ ಫೌಂಡೇಷನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಮಾಡಿಸಿದ ಜೀರ್ಣೋದ್ಧಾರದ ನಂತರ, 2024ರ ವೆನಿಸ್ ಉತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಹೊಸ ಚಿತ್ರದಷ್ಟೇ ಸ್ಪಷ್ಟವಾಗಿ ತೆರೆ ಕಂಡಿದೆ. ಅಪುವಿನ ಸುಟ್ಟ ರೀಲು ಸರಿಮಾಡಿದ ಬೊಲೊನ್ಯಾದ ಲ್ಯಾಬೇ ಇದನ್ನೂ ಮಾಡಿದ್ದು. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣವನ್ನು ಮನೆಯಲ್ಲಿ ನಿಧಾನಕ್ಕೆ, ಬೇಕೆಂದಾಗ ನಿಲ್ಲಿಸಿ ನೋಡುವ ಯೋಗ ಕನ್ನಡಿಗರಿಗೆ ಬರಬೇಕು. ಅದರ ಜೊತೆಗೆ ಅನಂತಮೂರ್ತಿಯವರ ಮೂಲ ಕಥೆಯನ್ನೂ ಒಂದು ಪುಟ್ಟ ಪುಸ್ತಕ ಮಾಡಿ ಇಡಬೇಕು, ಕವರ್ ಮೇಲಿನ ಹೆಸರು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿರಬೇಕು.

ಪ್ರಕಾಶಕರಲ್ಲಿ, ಚಿತ್ರಸಮಾಜಗಳಲ್ಲಿ, ದುಡ್ಡಿರುವ ಸಿನಿಮಾ ಹುಚ್ಚರಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ ಎರಡು ಪ್ರತಿಗೆ ಮುಂಗಡ ಈಗಲೇ ಬರೆದುಕೊಳ್ಳಿ, ಒಂದು ನನಗೆ, ಒಂದು ರಾಯರಿಗೆ. ರಾಯರ ಮನೆಯಲ್ಲಿ ಪ್ಲೇಯರ್ ಇಲ್ಲ. ಪರವಾಗಿಲ್ಲವಂತೆ, ಡಬ್ಬಿ ಚೆನ್ನಾಗಿದ್ದರೆ ಸಾಕಂತೆ.